ಧೂಮಪಾನ ಬಿಡುವ ದಾರಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬೀಡಿ, ಸಿಗರೇಟು ಬಿಡಲು ಹೊರಟಾಗ ಎದುರಾದ ತೊಂದರೆಗಳನ್ನೂ ಸಂದೇಹಗಳನ್ನೂ ಬರೆದು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಬಿಡಬೇಕೆಂಬ ಮನಸ್ಸಿದೆ, ಆಗುತ್ತಿಲ್ಲ’ ಎಂಬ ಮಾತಿನಿಂದಲೇ ಶುರುವಾಗಿವೆ. ತಂಬಾಕಿನಿಂದ ಏನೇನು ಕೆಡುಕಾಗುತ್ತದೆ ಎಂಬುದನ್ನು ಪೊಟ್ಟಣದ ಮೇಲಿನ ಚಿತ್ರವೇ ದಿನವೂ ಹೇಳುತ್ತಿರುವುದರಿಂದ ಆ ವಿಷಯಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿಲ್ಲ. ಬಿಡುವ ಕೆಲಸವನ್ನು ಹೇಗೆ ಮಾಡಬೇಕು ಎಂಬುದಷ್ಟೇ ಈ ಉತ್ತರಗಳ ಗುರಿ. ಪತ್ರ ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 44 ವರ್ಷ, ಲಾರಿ ಓಡಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ದಿನಕ್ಕೆ ಒಂದೂವರೆ ಕಟ್ಟು ಬೀಡಿ ಸೇದುತ್ತಿದ್ದೇನೆ. ಮನೆದೇವರ ಮೇಲೆ ಆಣೆ ಮಾಡಿ ಬಿಟ್ಟದ್ದೂ ಉಂಟು. ಮೊದಲ ದಿನ ಹೇಗೋ ಕಳೆಯುತ್ತದೆ. ಮೂರನೆಯ ದಿನಕ್ಕೆ ತಲೆ ಕೆಟ್ಟಂತಾಗಿ, ಕ್ಲೀನರ್ ಹುಡುಗನ ಮೇಲೆ ರೇಗಾಡಿ, ಕೊನೆಗೆ ಬೀಡಿ ಹಚ್ಚುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬೀಡಿ ಸೇದದಿದ್ದರೆ ಹೊಟ್ಟೆಯೂ ಸರಿಯಾಗಿ ಹೋಗುವುದಿಲ್ಲ. ನನಗೆ ಮನಸ್ಸಿನ ಹಿಡಿತವೇ ಇಲ್ಲವೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಇಪ್ಪತ್ತು ವರ್ಷ ಲಾರಿ ಓಡಿಸಿ ಸಂಸಾರ ನಡೆಸಿದವರಿಗೆ ಮನಸ್ಸಿನ ಹಿಡಿತವಿಲ್ಲ ಎಂದು ಯಾರೂ ಹೇಳಲಾರರು. ನಿಮ್ಮ ಪತ್ರದಲ್ಲಿರುವ ‘ಮೂರನೆಯ ದಿನ’ ಎಂಬ ಮಾತಿನಲ್ಲಿಯೇ ಉತ್ತರವೂ ಇದೆ. ಹೊಗೆಯೊಂದಿಗೆ ಒಳಗೆ ಹೋದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ, ಹಿತವೆನಿಸುವ ರಾಸಾಯನಿಕಗಳನ್ನು ಹೊರಬಿಡಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಆಗ ಮೆದುಳು ಮತ್ತೆ ಕೇಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ನಿಕೋಟಿನ್ ಇಲ್ಲದ ಸ್ಥಿತಿಯನ್ನೇ ಮೆದುಳು ಕೊರತೆಯೆಂದು ತಿಳಿಯತೊಡಗುತ್ತದೆ. ಬಿಟ್ಟ ಎರಡನೆಯ, ಮೂರನೆಯ ದಿನಗಳಲ್ಲಿ ಸಿಡುಕು, ಚಡಪಡಿಕೆ, ನಿದ್ದೆಗೇಡು, ಏಕಾಗ್ರತೆಯ ಕೊರತೆ ಇವೆಲ್ಲ ಅತಿ ಹೆಚ್ಚಾಗಿರುತ್ತವೆ. ಅಲ್ಲಿಂದ ಮುಂದೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತ ಹೋಗುತ್ತವೆ. ನೀವು ಪ್ರತಿ ಸಲವೂ ಘಾಟಿಯ ಕೊನೆಯ ತಿರುವಿನವರೆಗೆ ಏರಿಸಿದ ಗಾಡಿಯನ್ನು ಅಲ್ಲಿಂದಲೇ ಹಿಂದಕ್ಕೆ ಇಳಿಸಿದ್ದೀರಿ. ಯಾವ ನೆರವೂ ಇಲ್ಲದೆ ಆ ಏರನ್ನು ಹತ್ತುವವರು ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನೆರವಿಲ್ಲದೆ ನಡೆಸಿದ ನೂರು ಪ್ರಯತ್ನಗಳಲ್ಲಿ ಸುಮಾರು ನಾಲ್ಕು ಮಾತ್ರ ಫಲಿಸುತ್ತವೆ, ಆಪ್ತಸಲಹೆ ಮತ್ತು ಔಷಧಗಳ ನೆರವಿದ್ದರೆ ಆ ಅವಕಾಶ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ರಕ್ತದೊತ್ತಡ ಹೆಚ್ಚಿರುವವರಿಗೆ ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ಹೇಳಿ ಕಳುಹಿಸುವ ವೈದ್ಯರಿಲ್ಲ. ಧೂಮಪಾನಿಗಳಿಗೆ ಮಾತ್ರ ನಾವು ಇಂದಿಗೂ ಹಾಗೆಯೇ ಹೇಳಿ ಕಳುಹಿಸುತ್ತಿದ್ದೇವೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಬೀಡಿಯಲ್ಲಿ ತಂಬಾಕು ಕಡಿಮೆ, ಆದ್ದರಿಂದ ಅದು ಸಿಗರೇಟಿನಷ್ಟು ಹಿಡಿತ ಸಾಧಿಸುವುದಿಲ್ಲ ಎಂಬ ನಂಬಿಕೆ ಊರುಗಳಲ್ಲಿದೆ, ಅದು ಸರಿಯಲ್ಲ. ಬೀಡಿ ಸುತ್ತುವ ಎಲೆಯಲ್ಲಿ ಕಾಗದದಂತೆ ಗಾಳಿಯಾಡುವುದಿಲ್ಲ. ಹಾಗಾಗಿ ಅದು ಪದೇ ಪದೇ ಆರುತ್ತದೆ, ಆರದಂತೆ ನೋಡಿಕೊಳ್ಳಲು ಬೇಗ ಬೇಗ, ಆಳವಾಗಿ ಎಳೆಯಬೇಕಾಗುತ್ತದೆ. ತಂಬಾಕು ಕಡಿಮೆಯಿದ್ದರೂ ಒಳಗೆ ಹೋಗುವ ನಿಕೋಟಿನ್, ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಕಡಿಮೆಯಾಗುವುದಿಲ್ಲ.

ಅವಲಂಬನೆ ಎಷ್ಟು ಗಾಢವಾಗಿದೆ ಎಂದು ತಿಳಿಯಲು ವೈದ್ಯರು ಕೇಳುವ ಮೊದಲ ಪ್ರಶ್ನೆಯೆಂದರೆ, ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತೀರಿ ಎಂಬುದು. ಅರ್ಧ ಗಂಟೆಯೊಳಗಾದರೆ ಅವಲಂಬನೆ ಹೆಚ್ಚಿದೆ ಎಂದು ಅರ್ಥ, ಮತ್ತು ಅಂಥವರು ಔಷಧದ ನೆರವು ಪಡೆಯುವುದೇ ಸರಿ. ನೀವು ಆ ಗುಂಪಿಗೆ ಸೇರುತ್ತೀರಿ. ಆದ್ದರಿಂದ ಈ ಸಲ ಆಣೆ ಮಾಡುವ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ಅದಕ್ಕೂ ಮುಂಚೆ 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಇದು ಕೇಂದ್ರ ಸರ್ಕಾರದ ತಂಬಾಕು ತ್ಯಜಿಸುವ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಒಂದು ಕೇಂದ್ರವಾಗಿರುವುದರಿಂದ ಕನ್ನಡದಲ್ಲಿಯೇ ಮಾತನಾಡಬಹುದು. ನೀವು ದಿನವೂ ಕೊಳ್ಳುವ ಬೀಡಿ ಕಟ್ಟಿನ ಮೇಲೆಯೂ ಇದೇ ಸಂಖ್ಯೆ ಅಚ್ಚಾಗಿರುತ್ತದೆ.

ಇನ್ನು ತಯಾರಿಯ ಮಾತು. ಇಂದಿನಿಂದ ಎರಡು ವಾರಗಳೊಳಗೆ ಒಂದು ದಿನವನ್ನು ಗೊತ್ತುಮಾಡಿ. ಆ ದಿನ ಮತ್ತು ಅದರ ಮುಂದಿನ ಮೂರು ನಾಲ್ಕು ದಿನ ದೂರದ ಬಾಡಿಗೆ ಒಪ್ಪಿಕೊಳ್ಳದಿರುವುದು ಒಳ್ಳೆಯದು. ಆ ದಿನಗಳಲ್ಲಿ ಗಮನ ಚದುರುವುದು ಸಹಜವಾದ್ದರಿಂದ ರಾತ್ರಿ ಗಾಡಿ ಓಡಿಸುವುದು ಅಪಾಯ. ಇದನ್ನು ಮಾಲೀಕರಿಗೂ ಮುಚ್ಚಿಡದೆ ಹೇಳಿ. ಆ ದಿನ ಬರುವವರೆಗೆ ಪ್ರತಿಯೊಂದು ಬೀಡಿ ಹಚ್ಚುವ ಮುನ್ನ ಹೊತ್ತು ಎಷ್ಟು, ಕಾರಣವೇನು ಎಂದು ಖಾಲಿ ಕಟ್ಟಿನ ಕಾಗದದ ಮೇಲೆಯೇ ಗೀಚಿಕೊಳ್ಳಿ. ಹೀಗೆ ಬರೆದವರು ವಾರದ ಕೊನೆಗೆ ನೋಡಿದರೆ, ಅರ್ಧದಷ್ಟು ಬೀಡಿಗಳು ಚಹಾ, ಊಟ, ಲೋಡಿಂಗ್‌ಗಾಗಿ ಕಾಯುವ ಹೊತ್ತು, ಟೋಲ್ ಮುಂದೆ ನಿಂತ ಹೊತ್ತು ಇವುಗಳಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಆಯಾ ಹೊತ್ತಿಗೆ ಬೇರೆ ಏನು ಮಾಡುವುದೆಂದು ಮೊದಲೇ ನಿರ್ಧರಿಸಿ: ಡಾಬಾದಲ್ಲಿ ಉಂಡ ಕೂಡಲೇ ಎದ್ದು ಕೈ ತೊಳೆದು ಗಾಡಿಯ ಸುತ್ತ ಒಂದು ಸುತ್ತು ಟೈರು ನೋಡಿ ಬರುವುದು, ಕಾಯುವ ಹೊತ್ತಿಗೆ ಬಾಯಲ್ಲಿ ಲವಂಗವನ್ನೋ ಸೋಂಪನ್ನೋ ಇಟ್ಟುಕೊಳ್ಳುವುದು, ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು. ಸೇದಬೇಕೆಂಬ ತೀವ್ರ ತುಡಿತ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅಷ್ಟು ಹೊತ್ತು ಕಳೆದರೆ ಅದು ತಾನೇ ಇಳಿಯುತ್ತದೆ, ಮತ್ತೆ ಬಂದರೂ ದಿನ ಕಳೆದಂತೆ ಅಂತರ ಹೆಚ್ಚುತ್ತದೆ. ಬಿಡುವ ದಿನದ ಹಿಂದಿನ ಸಂಜೆ ಕ್ಯಾಬಿನ್ನಿನಲ್ಲಿರುವ ಬೀಡಿ, ಬೆಂಕಿಪೊಟ್ಟಣ, ಲೈಟರ್ ಎಲ್ಲವನ್ನೂ ಹೊರಹಾಕಿ ಸೀಟಿನ ಬಟ್ಟೆ ತೊಳೆಯಿರಿ. ಕ್ಲೀನರ್ ಹುಡುಗನಿಗೆ, ‘ಒಂದು ವಾರ ನಾನು ರೇಗಬಹುದು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಬೀಡಿ ಕೇಳಿದರೆ ತಂದುಕೊಡಬೇಡ’ ಎಂದು ಮುಂಚಿತವಾಗಿ ಹೇಳಿಬಿಡಿ.

ಬೆಳಗಿನ ಹೊಟ್ಟೆಯ ತೊಂದರೆಯನ್ನು ಅನೇಕರು ಸಂಕೋಚದಿಂದ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಇದೊಂದೇ ಕಾರಣಕ್ಕೆ ಮತ್ತೆ ಬೀಡಿಗೆ ಮರಳಿದವರನ್ನು ನಾನು ಬಹಳ ನೋಡಿದ್ದೇನೆ. ನಿಕೋಟಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುವುದರಿಂದ ಅದು ನಿಂತಾಗ ಕೆಲವರಿಗೆ ಮಲಬದ್ಧತೆಯಾಗುತ್ತದೆ. ರಾತ್ರಿ ಮಲಗುವಾಗ ಇಸಬ್ಗೋಲ್ ಹೊಟ್ಟನ್ನು ತುಂಬ ನೀರಿನಲ್ಲಿ ಕಲಸಿ ಕುಡಿಯುವುದು, ಬೆಳಿಗ್ಗೆ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು ಮತ್ತು ಕಾಳು, ದಿನವೂ ಒಂದೇ ಹೊತ್ತಿಗೆ ಶೌಚಕ್ಕೆ ಕೂರುವುದು ಇಷ್ಟರಿಂದ ಕೆಲವು ವಾರಗಳಲ್ಲಿ ಕರುಳು ತನ್ನ ಅಭ್ಯಾಸಕ್ಕೆ ಮರಳುತ್ತದೆ.

ಪ್ರಶ್ನೆ: ದಿನಕ್ಕೆ ಹನ್ನೆರಡು ಸಿಗರೇಟು ಸೇದುತ್ತಿದ್ದೆ. ಔಷಧದಂಗಡಿಯಿಂದ 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದು ದಿನಕ್ಕೆ ಮೂರು ನಾಲ್ಕು ಅಗಿದೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು ಬಂತೇ ಹೊರತು ಸಿಗರೇಟಿನ ಆಸೆ ಕಡಿಮೆಯಾಗಲಿಲ್ಲ. ಒಂದು ನಿಕೋಟಿನ್ ಬಿಡಲು ಇನ್ನೊಂದು ನಿಕೋಟಿನ್ ತಿನ್ನುವುದರಲ್ಲಿ ಅರ್ಥವಿದೆಯೇ? ಆಫೀಸಿನಲ್ಲಿ ಐದಾರು ಸಲ ಕಾಫಿ ಆಗುತ್ತದೆ, ಕಾಫಿ ಬಂದರೆ ಸಿಗರೇಟು ಬೇಕು.
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ನೀವು ಹೇಳಿದ ತೊಂದರೆಗಳೆಲ್ಲ ಗಮ್ಮನ್ನು ಸಾಮಾನ್ಯ ಚೂಯಿಂಗ್ ಗಮ್‌ನಂತೆ ಅಗಿದುದರಿಂದ ಬಂದವು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಪೊಟ್ಟಣದೊಳಗಿನ ಚೀಟಿಯನ್ನು ಯಾರೂ ಓದುವುದಿಲ್ಲ. ಈ ಗಮ್ಮಿನ ನಿಕೋಟಿನ್ ಕೆನ್ನೆಯ ಒಳಪದರದ ಮೂಲಕ ರಕ್ತ ಸೇರಬೇಕು. ಎಡೆಬಿಡದೆ ಅಗಿದರೆ ಅದು ಎಂಜಲಿನೊಡನೆ ಹೊಟ್ಟೆಗೆ ಹೋಗಿ ಉರಿ, ಬಿಕ್ಕಳಿಕೆ ತರುತ್ತದೆ, ಮೆದುಳಿಗೆ ಸಾಕಷ್ಟು ತಲುಪುವುದಿಲ್ಲ. ನಿಧಾನವಾಗಿ ಕೆಲವು ಸಲ ಅಗಿಯಿರಿ. ಖಾರದಂಥ ರುಚಿ ಅಥವಾ ಜುಮ್ಮೆನ್ನುವ ಅನುಭವ ಬಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳಿ. ಒಂದು ನಿಮಿಷದ ನಂತರ ಆ ರುಚಿ ಕಡಿಮೆಯಾದಾಗ ಮತ್ತೆ ಸ್ವಲ್ಪ ಅಗಿದು ಇನ್ನೊಂದು ಬದಿಯಲ್ಲಿ ಇರಿಸಿ. ಹೀಗೆ ಸುಮಾರು ಅರ್ಧ ಗಂಟೆ ನಡೆಯಬೇಕು. ಗಮ್ ಬಾಯಿಗೆ ಹಾಕುವ ಹದಿನೈದು ನಿಮಿಷ ಮೊದಲು ಮತ್ತು ಬಾಯಲ್ಲಿರುವಾಗ ಕಾಫಿ, ಹಣ್ಣಿನ ರಸ, ಸೋಡಾ ಕುಡಿಯಬಾರದು; ಇವು ಬಾಯಿಯನ್ನು ಆಮ್ಲೀಯವಾಗಿಸಿ ನಿಕೋಟಿನ್ ಹೀರಿಕೆಯನ್ನು ತಡೆಯುತ್ತವೆ. ಐದಾರು ಕಾಫಿಗಳ ನಡುವೆ ಅಗಿದ ಗಮ್ ನಿಮಗೆ ಫಲ ಕೊಡದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದಾಗಿ, ಮೂರು ನಾಲ್ಕು ಗಮ್ ಬಹಳ ಕಡಿಮೆಯಾಯಿತು. ಮೊದಲ ಆರು ವಾರ ಎಚ್ಚರವಿರುವ ಹೊತ್ತಿನಲ್ಲಿ ಒಂದೆರಡು ಗಂಟೆಗೊಂದರಂತೆ, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದರಂತೆ, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದರಂತೆ, ಒಟ್ಟು 12 ವಾರ ಬಳಸುವುದು ಒಪ್ಪಿತ ಕ್ರಮ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ಬೇಕಾಗುತ್ತದೆ, ಅದನ್ನು ವೈದ್ಯರು ನಿರ್ಧರಿಸಲಿ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ದಿನವಿಡೀ ಹಾಕಿಕೊಂಡು, ತುಡಿತ ಬಂದಾಗ ಮಾತ್ರ ಗಮ್ ಬಳಸುವ ಜೋಡಿ ಚಿಕಿತ್ಸೆ ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದು ಅಧ್ಯಯನಗಳಿಂದ ತಿಳಿದಿದೆ.

ನಿಮ್ಮ ಮೂಲ ಪ್ರಶ್ನೆ ನ್ಯಾಯವಾದದ್ದೇ. ಚಟ ಹಿಡಿಸುವುದು ನಿಕೋಟಿನ್. ಆದರೆ ಕ್ಯಾನ್ಸರ್ ಮತ್ತು ಶ್ವಾಸಕೋಶದ ಕಾಯಿಲೆಗಳನ್ನು ತರುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರ್ ಮತ್ತಿತರ ವಿಷಗಳು. ಗಮ್ಮಿನಲ್ಲಿ ಹೊಗೆಯಿಲ್ಲ. ಅದರಿಂದ ನಿಕೋಟಿನ್ ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಏರುವುದರಿಂದ ಸಿಗರೇಟು ಕೊಡುವ ಆ ದಿಢೀರ್ ಹೊಡೆತವೂ ಇರುವುದಿಲ್ಲ, ಹಾಗಾಗಿಯೇ ಅದನ್ನು ಹಂತಹಂತವಾಗಿ ಬಿಡುವುದು ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆ 2009ರಿಂದಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ದೇಶದ 2022ರ ಪಟ್ಟಿಯಲ್ಲಿಯೂ ಇದು ಸೇರಿದೆ. ಗಮ್ ಒಗ್ಗದಿದ್ದರೆ ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳಿವೆ. ಇವನ್ನು ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಆರಂಭಿಸಬೇಕು, ಮತ್ತು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಮೂರ್ಛೆರೋಗ ಇದ್ದವರಿಗೆ ಬುಪ್ರೊಪಿಯಾನ್ ಕೊಡುವಂತಿಲ್ಲ.

ಕಾಫಿಯ ಬಗ್ಗೆ ಇನ್ನೊಂದು ಮಾತು. ತಂಬಾಕಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತದೆ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ನಿಧಾನವಾಗುವುದರಿಂದ, ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಬಹಳ ಹೆಚ್ಚಾಗಿ ನಿಲ್ಲುತ್ತದೆ; ಕೈನಡುಕ, ಎದೆ ಹೊಡೆತ, ನಿದ್ದೆ ಬಾರದಿರುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ. ಸಿಗರೇಟು ಬಿಟ್ಟಿದ್ದರಿಂದಲೇ ಹೀಗಾಗುತ್ತಿದೆ ಎಂದು ತಿಳಿದು ಜನ ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ಕಪ್ಪಿನ ಬದಲು ಬೈ ಟೂ ತರಿಸಿ, ಅದನ್ನೂ ಸಿಗರೇಟು ಸೇದುವವರು ನಿಲ್ಲುವ ಗೇಟಿನ ಆಚೆಯ ಗೂಡಂಗಡಿಯಲ್ಲಿ ಕುಡಿಯದೆ ಬೇರೆ ಕಡೆ ಕುಡಿಯಿರಿ.

ಪ್ರಶ್ನೆ: ನಮ್ಮ ಯಜಮಾನರಿಗೆ 56 ವರ್ಷ. ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಬಿಟ್ಟಿದ್ದೇನೆ ಎನ್ನುತ್ತಾರೆ, ಆದರೆ ಅಂಗಿಯಲ್ಲಿ ವಾಸನೆ ಬರುತ್ತದೆ. ಕೇಳಿದರೆ ‘ದಿನಕ್ಕೆ ಒಂದೇ, ಅದರಿಂದ ಏನಾಗುತ್ತದೆ’ ಎಂದು ಜಗಳ. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿದರೆ ಚಟ ಬಿಡಿಸುವ ಪುಡಿಯೊಂದರ ಜಾಹೀರಾತು ನೋಡಿದೆ. ತರಿಸಲೇ?
(ಗೃಹಿಣಿ, ದಾವಣಗೆರೆ)

ಉತ್ತರ: ಆ ಪುಡಿಯನ್ನು ದಯವಿಟ್ಟು ತರಿಸಬೇಡಿ. ಒಳಗೇನಿದೆ ಎಂಬುದೇ ತಿಳಿಯದ ವಸ್ತುವನ್ನು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರ ಊಟದಲ್ಲಿ ಬೆರೆಸುವುದು ಪ್ರಾಣಾಪಾಯವನ್ನೇ ತರಬಹುದು. ಗೊತ್ತಾದ ದಿನ ನಿಮ್ಮ ಮೇಲಿನ ವಿಶ್ವಾಸವೂ ಹೋಗುತ್ತದೆ. ಇಂಥ ಜಾಹೀರಾತುಗಳು ನೊಂದ ಹೆಣ್ಣುಮಕ್ಕಳ ದುಡ್ಡಿನ ಮೇಲೆ ನಡೆಯುವ ವ್ಯಾಪಾರ. ತಿಳಿಯದಂತೆ ಕೊಟ್ಟು ತಂಬಾಕು ಬಿಡಿಸುವ ಔಷಧ ವೈದ್ಯಶಾಸ್ತ್ರದಲ್ಲಿ ಇಲ್ಲ.

‘ಒಂದೇ’ ಎಂಬ ಮಾತಿಗೆ ಉತ್ತರ ಹೀಗಿದೆ: ಹೃದಯದ ಮಟ್ಟಿಗೆ ದಿನಕ್ಕೆ ಒಂದು ಸಿಗರೇಟು ಎಂದರೆ ಇಪ್ಪತ್ತರಲ್ಲಿ ಒಂದು ಪಾಲು ಅಪಾಯವಲ್ಲ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಅಪಾಯದ ಅರ್ಧಕ್ಕೆ ಹತ್ತಿರ ಬರುತ್ತದೆ ಎಂದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಇನ್ನೊಂದು ಕಡೆ, ಹೃದ್ರೋಗ ಬಂದ ಮೇಲೆ ಪೂರ್ತಿ ಬಿಟ್ಟವರಲ್ಲಿ ಸಾವಿನ ಅಪಾಯ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಅವರು ನುಂಗುತ್ತಿರುವ ಬೆಲೆಬಾಳುವ ಮಾತ್ರೆಗಳ ಪ್ರಯೋಜನಕ್ಕೆ ಇದು ಕಡಿಮೆಯದಲ್ಲ.

ಆದರೆ ಈ ಅಂಕಿಗಳನ್ನು ಜಗಳದ ಹೊತ್ತಿನಲ್ಲಿ ಮುಂದಿಡಬೇಡಿ. ಮುಚ್ಚಿಟ್ಟು ಸೇದುವವರು ಸಾಮಾನ್ಯವಾಗಿ ನಾಚಿಕೆಯಿಂದ ಮುಚ್ಚಿಡುತ್ತಾರೆ. ನಾಚಿಕೆ ಹೆಚ್ಚಿಸಿದಷ್ಟೂ ಮರೆ ಹೆಚ್ಚುತ್ತದೆ. ಸಂಜೆ ಸಮಾಧಾನವಾಗಿ ಕುಳಿತಾಗ, ‘ಬಿಟ್ಟಿರಾ ಇಲ್ಲವಾ’ ಎಂದು ಕೇಳುವ ಬದಲು, ‘ಯಾವ ಹೊತ್ತಿನಲ್ಲಿ ತಡೆಯಲು ಕಷ್ಟವಾಗುತ್ತದೆ?’ ಎಂದು ಕೇಳಿ ನೋಡಿ. ಅವರು ಹೇಳಿದ್ದಕ್ಕೆ ಮರುಮಾತಿಲ್ಲದೆ ಕಿವಿಗೊಡಿ. ಮುಂದಿನ ಸಲ ಹೃದ್ರೋಗ ತಜ್ಞರ ಬಳಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ, ಸೇದುತ್ತಿರುವ ವಿಷಯವನ್ನು ಅವರ ಬಾಯಿಂದಲೇ ಹೇಳಿಸಿ. ಹೃದಯದ ಸ್ಥಿತಿ ನೆಲೆಗೊಂಡಿರುವವರಿಗೆ ವೈದ್ಯರ ಉಸ್ತುವಾರಿಯಲ್ಲಿ ನಿಕೋಟಿನ್ ಗಮ್ ಅಥವಾ ಪಟ್ಟಿ ಕೊಡುವುದು ಸಿಗರೇಟು ಮುಂದುವರಿಸುವುದಕ್ಕಿಂತ ಎಷ್ಟೋ ಸುರಕ್ಷಿತ. ಒಂದು ವಾರ ಸೇದದೆ ಕಳೆದರೆ ಆ ವಾರವನ್ನು ಗುರುತಿಸಿ ಹೇಳಿ. ಜಾರಿದ ದಿನ ಹಳೆಯದನ್ನೆಲ್ಲ ಎತ್ತಿ ಆಡಬೇಡಿ.

ಪ್ರಶ್ನೆ: ತಂದೆಗೆ 68 ವರ್ಷ, ಹತ್ತು ವರ್ಷಗಳಿಂದ ದಮ್ಮಿನ ಕಾಯಿಲೆ. ಇನ್‌ಹೇಲರ್ ಜೊತೆಗೆ ಡೆರಿಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಬೀಡಿ ಬಿಟ್ಟಾಗ ಕೆಮ್ಮು ಕಫ ಹೆಚ್ಚಾಗಿ, ವಾಂತಿ, ಎದೆ ಹೊಡೆತ ಶುರುವಾಯಿತು. ‘ಬಿಟ್ಟರೇ ಕಾಯಿಲೆ ಜಾಸ್ತಿ, ಈ ವಯಸ್ಸಿನಲ್ಲಿ ಯಾಕೆ’ ಎಂದು ಮತ್ತೆ ಸೇದುತ್ತಿದ್ದಾರೆ. ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರೆ, ಆದ್ದರಿಂದ ಕೈಗೆ ಸಿಗುವುದೂ ಸುಲಭ.
(ಬಂಟ್ವಾಳ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ತಂದೆಯವರು ಹೆದರಿದ್ದಕ್ಕೆ ನಿಜವಾದ ಕಾರಣವಿತ್ತು, ಆದರೆ ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ನಡೆದಿರುವಂತೆ ಕಾಣುತ್ತದೆ. ಉಸಿರುನಾಳಗಳ ಒಳಗೆ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಹೊಗೆಯಿಂದ ಜಡವಾಗಿದ್ದ ಅವು ಬಿಟ್ಟ ಮೇಲೆ ಮತ್ತೆ ಕೆಲಸ ಆರಂಭಿಸುವಾಗ ಕೆಲವು ವಾರ ಕೆಮ್ಮು, ಕಫ ಹೆಚ್ಚಾಗಬಹುದು. ಇದು ಚೇತರಿಕೆಯ ಲಕ್ಷಣ. ಕಫದಲ್ಲಿ ರಕ್ತ, ಜ್ವರ, ಉಸಿರಾಟ ಬಿಗಡಾಯಿಸುವುದು ಇದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಾಂತಿ ಮತ್ತು ಎದೆ ಹೊಡೆತದ ಬಗ್ಗೆ ನನ್ನ ಅನುಮಾನ ಡೆರಿಫಿಲಿನ್ ಮೇಲಿದೆ. ಅದರಲ್ಲಿರುವ ಥಿಯೋಫಿಲಿನ್ ಎಂಬ ಔಷಧವನ್ನು ಕರಗಿಸುವುದು, ಮೇಲೆ ಕಾಫಿಯ ವಿಚಾರದಲ್ಲಿ ಹೇಳಿದ ಅದೇ ಕಿಣ್ವ. ಬೀಡಿ ಸೇದುವವರ ದೇಹ ಈ ಔಷಧವನ್ನು ಬೇಗ ಹೊರಹಾಕುವುದರಿಂದ ಅವರಿಗೆ ಹೆಚ್ಚಿನ ಪ್ರಮಾಣ ಬೇಕಾಗಿರುತ್ತದೆ. ಬೀಡಿ ನಿಂತ ಮೇಲೂ ಅದೇ ಪ್ರಮಾಣ ಮುಂದುವರಿದರೆ ಔಷಧ ರಕ್ತದಲ್ಲಿ ಹೆಚ್ಚಾಗಿ ಓಕರಿಕೆ, ವಾಂತಿ, ಹೃದಯ ಬಡಿತದ ಏರುಪೇರು ಉಂಟಾಗುತ್ತದೆ. ಆದ್ದರಿಂದ ಬಿಡುವ ಮುನ್ನ ಅವರ ವೈದ್ಯರಿಗೆ ದಿನಾಂಕ ತಿಳಿಸಿ, ಮಾತ್ರೆಯ ಪ್ರಮಾಣ ಇಳಿಸಬೇಕೇ ಎಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಒಲಾಂಜಪಿನ್, ಕ್ಲೋಜಪಿನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಇನ್ಸುಲಿನ್ ಪಡೆಯುವವರು ಬಿಟ್ಟ ಮೊದಲ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು. ತಂಬಾಕು ಬಿಡುವವರ ಔಷಧಗಳನ್ನು ಮರುಪರಿಶೀಲಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲ, ಅದಕ್ಕಾಗಿ ಓದುಗರೇ ಕೇಳಿ ತಿಳಿಯಬೇಕೆಂದು ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ವಯಸ್ಸಿನ ಮಾತಿಗೆ ಬಂದರೆ, ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಮೂವತ್ತರಲ್ಲಿ ಬಿಟ್ಟವರು ಸುಮಾರು ಹತ್ತು ವರ್ಷ, ಐವತ್ತರಲ್ಲಿ ಬಿಟ್ಟವರು ಆರು ವರ್ಷ, ಅರವತ್ತರಲ್ಲಿ ಬಿಟ್ಟವರು ಸಹ ಮೂರು ವರ್ಷ ಆಯುಸ್ಸು ಉಳಿಸಿಕೊಂಡರು. ದಮ್ಮಿನ ಕಾಯಿಲೆಯಲ್ಲಿ ಕಳೆದುಹೋದ ಶಕ್ತಿ ಪೂರ್ತಿ ಮರಳುವುದಿಲ್ಲ, ಆದರೆ ಶ್ವಾಸಕೋಶ ಕ್ಷೀಣಿಸುವ ವೇಗ ತಗ್ಗುತ್ತದೆ. ಬಚ್ಚಲಿಗೆ ನಡೆದುಹೋಗಲು, ಮೊಮ್ಮಕ್ಕಳ ಜೊತೆ ಅಂಗಳಕ್ಕೆ ಇಳಿಯಲು ಬೇಕಾದ ಉಸಿರು ಇನ್ನೆಷ್ಟು ವರ್ಷ ಉಳಿಯುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ.

ತಾಯಿಯವರ ಕೆಲಸ ಮನೆಯ ಆದಾಯ. ದಕ್ಷಿಣ ಕನ್ನಡದ ಸಾವಿರಾರು ಮನೆಗಳಲ್ಲಿ ಮಕ್ಕಳ ಶಾಲೆ, ಮದುವೆ ನಡೆದದ್ದು ಆ ಕೈಗಳಿಂದ. ಅದನ್ನು ನಿಲ್ಲಿಸಿ ಎಂದು ನಾನು ಬರೆಯಲಾರೆ. ಆದರೆ ಎಲೆ, ತಂಬಾಕಿನ ಗೆರಸೆಯನ್ನು ತಂದೆ ಮಲಗುವ, ಕೂರುವ ಕೋಣೆಯಿಂದ ಬೇರೆಡೆಗೆ, ಸಾಧ್ಯವಾದರೆ ಹೊರಜಗಲಿಗೆ ಸಾಗಿಸಬಹುದು. ಕಟ್ಟಿದ ಬೀಡಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ತಾಯಿಯವರೇ ಬೀಗ ಹಾಕಿಕೊಳ್ಳಲಿ. ತಂಬಾಕಿನ ದೂಳು ಉಸಿರಿನಿಂದಲೂ ನಿಕೋಟಿನ್ ಕೈಚರ್ಮದಿಂದಲೂ ಅವರ ದೇಹ ಸೇರುತ್ತಿರುವುದರಿಂದ, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯುವುದು, ಗಾಳಿಯಾಡುವಲ್ಲಿ ಕೂರುವುದು ಅವರ ಆರೋಗ್ಯಕ್ಕೂ ಬೇಕು.

ಪ್ರಶ್ನೆ: ಸಿಗರೇಟು ಬಿಟ್ಟು ಒಂದು ವರ್ಷವಾಯಿತು. ಅದರ ಬದಲು ಎಲೆ ಅಡಿಕೆಯೊಂದಿಗೆ ಕಡ್ಡಿಪುಡಿ ಹಾಕಿಕೊಳ್ಳುತ್ತಿದ್ದೇನೆ. ಹೊಗೆ ಇಲ್ಲವಲ್ಲ, ಇದು ಪರವಾಗಿಲ್ಲವೇ?
(ಹುಣಸೂರಿನ ಓದುಗರು)

ಉತ್ತರ: ಪರವಾಗಿಲ್ಲ ಎನ್ನಲಾಗದು. ನಿಕೋಟಿನ್ ಬೇರೆ ಬಾಗಿಲಿನಿಂದ ಒಳಬರುತ್ತಿದೆ, ಸುಣ್ಣ ಸೇರಿದಾಗ ಇನ್ನೂ ಬೇಗ ಹೀರಲ್ಪಡುತ್ತದೆ. ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು: 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 8.8 ಮಂದಿ ಧೂಮಪಾನಿಗಳು, ಶೇ. 16.3 ಮಂದಿ ಹೊಗೆರಹಿತ ತಂಬಾಕು ಬಳಸುವವರು. ಬಾಯಿಯ ಕ್ಯಾನ್ಸರಿಗೆ ಇದೇ ಮುಖ್ಯ ದಾರಿ. ತಂಬಾಕಿಲ್ಲದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಕನ್ನಡಿಯ ಮುಂದೆ ನಿಂತು ನಿಮ್ಮದೇ ಮೂರು ಬೆರಳುಗಳನ್ನು ಮೇಲಿಂದ ಕೆಳಕ್ಕೆ ನಿಲ್ಲಿಸಿ ಬಾಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಕೂಡಲೇ ದಂತವೈದ್ಯರಿಗೆ ತೋರಿಸಿ. ಬಿಡುವ ಕ್ರಮ ಸಿಗರೇಟಿಗೆ ಹೇಳಿದಂಥದ್ದೇ, ಅದೇ ಸಹಾಯವಾಣಿ ಇದಕ್ಕೂ ಇದೆ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಆರೋಗ್ಯ ಸೇವೆಯವರೇ ಸಿಗರೇಟು ಬಿಡಲು ಇ-ಸಿಗರೇಟು ಬಳಸಬಹುದು ಎನ್ನುತ್ತಾರೆ. ರಜೆಗೆ ಮೈಸೂರಿಗೆ ಬರುವಾಗ ತರಬಹುದೇ? ತಮ್ಮನಿಗೂ ಒಂದು ತರಬೇಕೆಂದಿದ್ದೇನೆ.

ಉತ್ತರ: ತರಬೇಡಿ. ಭಾರತದಲ್ಲಿ 2019ರ ಕಾಯ್ದೆಯಂತೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಂಗ್ರಹ ಎಲ್ಲವೂ ಅಪರಾಧ. ಬ್ರಿಟನ್ನಿನಲ್ಲಿ ಅದನ್ನು ಸೂಚಿಸುವುದು ಈಗಾಗಲೇ ಸಿಗರೇಟು ಸೇದುವ ವಯಸ್ಕರಿಗೆ, ಗುಣಮಟ್ಟದ ನಿಯಂತ್ರಣವಿರುವ ವ್ಯವಸ್ಥೆಯೊಳಗೆ. ನೀವು ಅಲ್ಲಿನ ವೈದ್ಯರ ಸಲಹೆಯಂತೆ ಬಳಸುತ್ತಿದ್ದರೆ, ರಜೆಯ ದಿನಗಳಿಗೆ ಗಮ್ ಅಥವಾ ಪಟ್ಟಿಗೆ ಬದಲಾಯಿಸಿಕೊಡುವಂತೆ ಹೊರಡುವ ಮುನ್ನ ಕೇಳಿ. ತಮ್ಮನಿಗೆ ಮೈಸೂರಿನಲ್ಲಿಯೇ ಚಿಕಿತ್ಸೆ ದೊರೆಯುತ್ತದೆ.

ಪ್ರಶ್ನೆ: ಏಳು ತಿಂಗಳು ಒಂದೂ ಸೇದಿರಲಿಲ್ಲ. ಗೆಳೆಯನ ಗೃಹಪ್ರವೇಶದ ರಾತ್ರಿ ಕುಡಿಯುವಾಗ ಒಂದು ಸೇದಿದೆ. ಈಗ ದಿನಕ್ಕೆ ನಾಲ್ಕಾಗಿದೆ. ಮೊದಲ ಸಲ ಗಮ್ ಐದು ವಾರಕ್ಕೇ ನಿಲ್ಲಿಸಿದ್ದೆ. ಎಲ್ಲ ವ್ಯರ್ಥವಾಯಿತೇ?
(ಶಿವಮೊಗ್ಗದ ಓದುಗರು)

ಉತ್ತರ: ಏಳು ತಿಂಗಳು ನಿಮ್ಮ ಹೃದಯಕ್ಕೂ ಶ್ವಾಸಕೋಶಕ್ಕೂ ಆದ ಲಾಭ ಸುಳ್ಳಾಗುವುದಿಲ್ಲ, ಶಾಶ್ವತವಾಗಿ ಬಿಟ್ಟವರಲ್ಲಿ ಬಹುಪಾಲು ಜನ ಹಲವು ಸಲ ಪ್ರಯತ್ನಿಸಿಯೇ ಬಿಟ್ಟವರು. ಆದರೆ ನಾಲ್ಕು ಹತ್ತಾಗುವವರೆಗೆ ಕಾಯಬೇಡಿ. ತಿಂಗಳುಗಟ್ಟಲೆ ಬಿಟ್ಟ ಮೇಲೂ ಮೆದುಳು ಆ ರುಚಿಯನ್ನು ಮರೆತಿರುವುದಿಲ್ಲ, ಆದ್ದರಿಂದಲೇ ಒಂದು ಸಿಗರೇಟು ನಾಲ್ಕಾಯಿತು. ಮದ್ಯವಂತೂ ಬೇಡವೆನ್ನುವ ಎಚ್ಚರವನ್ನೇ ಮೊದಲು ಕಳೆಯುತ್ತದೆ. ನಾಳೆ ನಾಡಿದ್ದರೊಳಗೆ ದಿನ ಗೊತ್ತುಮಾಡಿ ಮತ್ತೆ ಪೂರ್ತಿ ನಿಲ್ಲಿಸಿ, ‘ದಿನಕ್ಕೆ ಎರಡಕ್ಕೆ ಇಳಿಸುತ್ತೇನೆ’ ಎಂಬ ಒಪ್ಪಂದ ಮಾಡಿಕೊಳ್ಳಬೇಡಿ. ಗಮ್ಮನ್ನು ಮತ್ತೆ ಆರಂಭಿಸಬಹುದು. ಈ ಬಾರಿ ಆಸೆ ಕಡಿಮೆಯಾಯಿತೆಂದು ನಡುವೆ ಬಿಡದೆ 12 ವಾರ ಪೂರೈಸಿ. ಮೊದಲ ಮೂರು ತಿಂಗಳು ಕುಡಿಯುವ ಕೂಟಗಳಿಗೆ ಹೋಗದಿರುವುದು ಕ್ಷೇಮ. ತಪ್ಪಿಸಲಾಗದ ಸಮಾರಂಭವಿದ್ದರೆ ಊಟದ ಹೊತ್ತಿಗೆ ಹೋಗಿ ಊಟವಾದ ಮೇಲೆ ಹೊರಟುಬಿಡಿ, ಜೇಬಿನಲ್ಲಿ ಗಮ್ ಇರಲಿ, ಮತ್ತು ನಿಮಗೆ ಅಂದು ಸಿಗರೇಟು ಚಾಚಿದ ಗೆಳೆಯರಿಗೆ ಇನ್ನು ಮುಂದೆ ಕೊಡಬೇಡಿ ಎಂದು ಈಗಲೇ ಫೋನ್ ಮಾಡಿ ಹೇಳಿ.